ಹೊಡೆದವನು ದಾರಿ ಬಿಡಬೇಕು

ಟೆನಿಸ್ಸಿಗೆ ನಡುವೆ ಬಲೆಯಿದೆ, ಶಟಲ್ಲಿಗೂ ಇದೆ.
ಆಚೆಯವನು ಆಚೆ, ಈಚೆಯವನು ಈಚೆ.
ಬೇಕೆಂದೇ ಕೂಗಿದರೆ, ಕಾಲು ಅಪ್ಪಳಿಸಿದರೆ ತಪ್ಪು;
ಅಷ್ಟೇ, ಮೈಗೆ ಮೈ ತಾಗುವುದಿಲ್ಲ.
ಸ್ಕ್ವಾಷಿನಲ್ಲಿ ಹಾಗಲ್ಲ.
ಒಂದೇ ಕೋಣೆ, ಎದುರು ಒಂದೇ ಗೋಡೆ,
ಒಬ್ಬರ ಬೆವರು ಒಬ್ಬರ ಮೂಗಿಗೆ ಬಡಿಯುವಷ್ಟು ಹತ್ತಿರ.

ಚಿಕ್ಕಮಗಳೂರಿನ ಈ ಕ್ಲಬ್ಬಿನಲ್ಲಿ ಮೂವತ್ತೊಂದು ವರ್ಷದಿಂದ
ಮಾರ್ಕರ್ ನಾನು.
ಉಪ್ಪಳ್ಳಿಯಿಂದ ಐದೂವರೆಗೆ ಸೈಕಲ್ಲು.
ಬೀಗ ತೆಗೆ, ದೀಪ ಹಾಕು, ನೆಲ ಒರೆಸು,
ಚಳಿಗೆ ಕಲ್ಲಾದ ಚೆಂಡನ್ನು ಗೋಡೆಗೆ ಹೊಡೆಹೊಡೆದು ಕಾಯಿಸು.
ಬಿಸಿಯಾಗದೆ ಅದು ಪುಟಿಯುವುದಿಲ್ಲ.
ಆಮೇಲೆ ಮೌಳಿ ಸಾಹೇಬರು ಬರುತ್ತಾರೆ.
ಜೊತೆಗಾರ ಸಿಗದ ದಿನ ನಾನೇ ಜೊತೆಗಾರ.
ಅವರಿಗೆ ಜೊತೆಗಾರ ಸಿಗುತ್ತಿದ್ದುದೇ ಅಪರೂಪ.

ಹೊಡೆತ ಚೆನ್ನ ಅವರದು, ಸುಳ್ಳು ಹೇಳಬಾರದು.
ಹೊಡೆದ ಮೇಲೆ ಮಾತ್ರ
ನಡುಮಧ್ಯದ ಟೀ ಗೆರೆಯ ಮೇಲೆ
ನೆಟ್ಟ ಗೂಟ.
ಚೆಂಡು ಅವರ ಮುಂದೆ, ನಾನು ಅವರ ಬೆನ್ನಿಗೆ.
ಸುತ್ತಿ ಓಡುತ್ತಿದ್ದೆ, ಕಣದ ಮೇಟಿ ಸುತ್ತುವ ಎತ್ತಿನ ಹಾಗೆ.
ಒಮ್ಮೆ ಬೀಸಿದ ಬ್ಯಾಟು
ಅವರ ಕಿವಿಯ ಹತ್ತಿರ ಹಿಡಿದು ನಿಲ್ಲಿಸಿದೆ;
ಮೊಣಕೈ ಈಗಲೂ ನೋಯುತ್ತದೆ ಮೋಡ ಕವಿದ ದಿನ.
"ಎಟುಕಲಿಲ್ವೇನೋ?"
"ಎಟುಕಲಿಲ್ಲ ಸಾರ್."

ನಿಯಮದ ಪುಸ್ತಕ ನನ್ನ ಬಳಿಯೇ ಇರುತ್ತದೆ,
ಚೆಂಡಿನ ಡಬ್ಬಿ, ಬೀಗದ ಕೈ, ಬಾಕಿ ಚೀಟಿಗಳ ಜೊತೆ.
ಹೊಡೆದವನು ದಾರಿ ಬಿಡಬೇಕು.
ಎದುರಾಳಿಗೆ ಚೆಂಡು ಕಾಣಬೇಕು,
ನೆಟ್ಟಗೆ ಹೋಗಲು ಜಾಗ, ಕೈ ಬೀಸಲು ಜಾಗ,
ಎದುರು ಗೋಡೆ ಪೂರ್ತಿ.
ಅಡ್ಡಿಯಾದರೆ ನಿಂತು ಕೇಳಬೇಕು: ಲೆಟ್, ಪ್ಲೀಸ್.
ತಮಾಷೆ ನೋಡಿ,
ಅಡ್ಡ ನಿಂತವನಲ್ಲ,
ದಾರಿ ಸಿಗದವನೇ ಪ್ಲೀಸ್ ಅನ್ನಬೇಕು.

ನಮ್ಮಜ್ಜ ಮಂಚಯ್ಯನಿಗೆ ಇದನ್ನು ಓದಿ ಹೇಳಿದ್ದರೆ
ನನ್ನ ಹಣೆ ಮುಟ್ಟಿ ನೋಡುತ್ತಿದ್ದ, ಜ್ವರವೇನೋ ಅಂತ.
ತೋಟದ ದಾರಿಯಲ್ಲಿ ಎದುರು ಕುದುರೆಯ ಸದ್ದಾದರೆ
ಚಪ್ಪಲಿ ಕೈಲಿ ಹಿಡಿದು ಚರಂಡಿಗಿಳಿದವನು ಅವನು.
ಹೊಡೆಸಿಕೊಂಡವನು ದಾರಿ ಬಿಡುವುದು ಗೊತ್ತಿತ್ತು ಅವನಿಗೆ.
ಹೊಡೆದವನು ಬಿಡಬೇಕು ಅಂತ
ಯಾವ ಸೀಮೇಲಿ ಬರೆದವ್ರೋ ಮಗಾ, ಅನ್ನುತ್ತಿದ್ದ.

ಫೆಬ್ರವರಿಯ ಒಂದು ಸೋಮವಾರ. ಏಳು–ಏಳು.
ಅವರ ಚೆಂಡು ತಗಡಿನ ಮೇಲೆ ಹೆಬ್ಬೆರಳಷ್ಟು ಎತ್ತರಕ್ಕೆ ತಾಗಿ
ಮೆತ್ತಗೆ ಮುಂದೆ ಬಿತ್ತು.
ಎರಡು ಹೆಜ್ಜೆ ಸಾಕಿತ್ತು ನನಗೆ.
ನಡುವೆ ಸಾಹೇಬರು.
ನಾನು ಸುತ್ತಲಿಲ್ಲ.
ಯಾಕೆ ಅಂದರೆ ಗೊತ್ತಿಲ್ಲ,
ಮಂಡಿ ನೋವಿತ್ತು, ಅದೇ ಇರಬಹುದು.
ಚೆಂಡು ಎರಡು ಸಲ ಕುಣಿದು, ಉರುಳಿ, ಮೂಲೆಗೆ ಹೋಗಿ ಮಲಗಿತು.
ಪ್ಲೀಸ್ ಬಾಯಿಗೆ ಬರಲಿಲ್ಲ.
"ದಾರಿ" ಅಂದೆ.

ಮೇಲೆ ಗ್ಯಾಲರಿಯಲ್ಲಿ ಬೇರರ್ ಸಿರಿಲ್
ತಟ್ಟೆ ಹಿಡಿದು ಬಗ್ಗಿ ನೋಡುತ್ತಿದ್ದ.
ಸಾಹೇಬರು ಟವೆಲಿನಿಂದ ಕತ್ತು ಒರೆಸಿಕೊಂಡು
ದೊಡ್ಡ ಮನಸ್ಸು ಮಾಡಿದರು:
"ಸರಿ ಮಾರಾಯ, ತಗೋ ಲೆಟ್. ಮತ್ತೆ ಆಡು."

ಮತ್ತೆ ಆಡುವುದಕ್ಕೂ ಒಂದು ಲೆಕ್ಕವಿದೆ.
ಸರಿಯಲು ನೋಡಿ, ಆಗದೆ ಅಡ್ಡ ಬಂದರೆ ಲೆಟ್.
ಸರಿಯುವ ಮನಸ್ಸೇ ಇಲ್ಲದಿದ್ದರೆ
ಪಾಯಿಂಟು ಕೊಡಬೇಕು.
"ಲೆಟ್ ಅಲ್ಲ ಸಾರ್. ಸ್ಟ್ರೋಕು."

ನಮ್ಮಲ್ಲಿ ರೆಫರಿ ಇಲ್ಲ,
ಅಂಕ ಕೂಗುವವನು ನಾನೊಬ್ಬನೇ.
ಕೂಗಿದೆ, ಗೋಡೆಯೂ ಕೂಗಿತು:
ಎಂಟು–ಏಳು.

ಮೂರು ದಿನ ಅವರು ಬರಲಿಲ್ಲ.
ಮೂರು ದಿನವೂ ಚೆಂಡು ಕಾಯಿಸಿಟ್ಟೆ.
ಸಂಬಳದ ತಾರೀಕು ಹತ್ತಿರವಿತ್ತು, ಮನೆಯಲ್ಲಿ ಹೇಳಲಿಲ್ಲ.
ಶುಕ್ರವಾರ ಬಂದರು. ಮಾತಿಲ್ಲ.
ಹೊಡೆದರು, ಹೊಡೆದು ನಿಂತರು
ಟೀ ಗೆರೆಯಿಂದ ಕೊಂಚ ಆಚೆ.

ಆಟ ಮುಗಿದು ನೆಲ ಒರೆಸುವಾಗ
ಬೂಟಿನ ಗುರುತು ಅಲ್ಲೇ ಇತ್ತು.
ಕೈಯಿಟ್ಟು ಅಳೆದೆ. ಒಂದು ಗೇಣು.
ನಿಯಮಕ್ಕೆ ಅದು ಸಾಲದು.